ಹುಬ್ಬಳ್ಳಿಯಿಂದ ಮಂಗಳೂರು: ರೊಟ್ಟಿ ಗಂಟಿನ ಜೊತೆ ಎರಡು ವಿಮಾನ

ನಮಸ್ಕಾರ ರೀ. ಅವ್ವನ ಕೈಯಲ್ಲಿರೋ ಈ ಗಂಟು ನೋಡಿ. ಒಳಗೆ 40 ಕಟಕ ರೊಟ್ಟಿ. ಮಂಗಳೂರಲ್ಲಿರೋ ಅಕ್ಕ ಬಾಣಂತಿ, ಅವಳಿಗಂತ ಅವ್ವ ಎರಡು ದಿನ ಕೂತು ಬಡಿದದ್ದು. ಶೇಂಗಾ ಹಿಂಡಿ ದೊಡ್ಡ ಬ್ಯಾಗಿನಲ್ಲಿ ಹೋಯ್ತು, ಆದರೆ ರೊಟ್ಟಿ ಮುರಿತಾವೆ ಅಂತ ಇದನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ.

ನಕಾಶೆ ತೆಗೆದು ನೋಡಿದರೆ ಮಂಗಳೂರು ಹುಬ್ಬಳ್ಳಿಯಿಂದ ಹೆಚ್ಚುಕಮ್ಮಿ ಮೂಗಿನ ನೇರಕ್ಕೆ, ದಕ್ಷಿಣಕ್ಕೆ ಬರುತ್ತೆ. ಎರಡು ವಿಮಾನ ನಿಲ್ದಾಣಗಳ ನಡುವೆ ಆಕಾಶದಲ್ಲಿ ಗೆರೆ ಎಳೆದರೆ ಸುಮಾರು 265 ಕಿಲೋಮೀಟರ್. ಗಂಟೆಗೆ 500 ಕಿಲೋಮೀಟರ್ ಹೋಗೋ ಎಟಿಆರ್ ಅನ್ನೋ ಸಣ್ಣ ಪಂಖದ ವಿಮಾನಕ್ಕೆ, ಏರೋದು ಇಳಿಯೋದು ಸೇರಿಸಿದರೂ ಮುಕ್ಕಾಲು ಗಂಟೆಯ ದಾರಿ. ಆದರೆ ನಮಗೆ ಬೇಕಾದ ದಿನ ನೇರ ವಿಮಾನ ಇರಲಿಲ್ಲ. ಬೆಂಗಳೂರಿಗೆ ಹೋಗಿ ತಿರುಗಿ ಬರಬೇಕು. ಅಲ್ಲಿಗೆ 370, ಅಲ್ಲಿಂದ ಮಂಗಳೂರಿಗೆ 305, ಒಟ್ಟು 675 ಕಿಲೋಮೀಟರ್. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ!

ಬೆಳಿಗ್ಗೆ 9ಕ್ಕೆ ಮನೆ ಬಿಟ್ವಿ. ವಿಮಾನ ನಿಲ್ದಾಣ ಇರೋ ಗೋಕುಲ ರೋಡ್ ಹತ್ತಿರಾನೇ, ಅದೊಂದು ದೊಡ್ಡ ಅನುಕೂಲ. ಎಟಿಆರ್‌ಗೆ ಹಿಂದಿನ ಬಾಗಿಲಿನಿಂದ ಹತ್ತಬೇಕು, ಮೆಟ್ಟಿಲು ನಾಲ್ಕೈದೇ. ಮೊಣಕಾಲು ನೋವಿರೋ ಅವ್ವ ಕೈ ಹಿಡೀದೇ ಹತ್ತಿದಳು. ರೆಕ್ಕೆ ಮೇಲಿರೋದರಿಂದ ಕಿಟಕಿಯಿಂದ ಕೆಳಗಿನ ಹೊಲ, ಕೆರೆ ಎಲ್ಲ ಕಾಣುತ್ತೆ. ಗಂಟು ತೊಡೆ ಮೇಲೆ ಇಟ್ಕೊಬಾರದು ಅಂದರು, ಮುಂದಿನ ಸೀಟಿನ ಕೆಳಗಿಟ್ಟು ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದಳು.

ಟಿಕೆಟ್‌ನಲ್ಲಿ ಒಂದೂಕಾಲು ಗಂಟೆ ಅಂತಿತ್ತು, ಗಾಳಿಯಲ್ಲಿದ್ದದ್ದು 50 ನಿಮಿಷ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ, ಇಳಿದು ಮತ್ತೆ ನಿಲ್ಲೋವರೆಗೂ ಲೆಕ್ಕ ಹಿಡಿಯುತ್ತಾರೆ. ರನ್‌ವೇ ತನಕ ಉರುಳೋದು, ಸರದಿಗೆ ಕಾಯೋದು ಎಲ್ಲ ಅದರೊಳಗೇ.

ಬೆಂಗಳೂರಲ್ಲಿ ಮೂರು ಗಂಟೆ ಕಾಯಬೇಕಾಯ್ತು. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಅವ್ವ ಕೇಳಿದಳು: "ತಮ್ಮಾ, ಬಸ್ಸಿನ್ಯಾಗ ಹೋಗಿದ್ರ ಇಷ್ಟೊತ್ತಿಗೆ ಕುಮಟಾ ದಾಟತಿದ್ವಿ ಅಲ್ಲ?" ಹೌದು. ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ ಇಳಿದು ಸಮುದ್ರದ ದಂಡೆ ಹಿಡಿದರೆ ರಸ್ತೆ 360 ಕಿಲೋಮೀಟರ್ ಚಿಲ್ಲರೆ, ಎಂಟೊಂಬತ್ತು ಗಂಟೆ.

ಎರಡನೇ ವಿಮಾನ ದೊಡ್ಡ ಜೆಟ್. ಇಷ್ಟು ಸಣ್ಣ ದೂರಕ್ಕೆ ಜೆಟ್‌ನ ವೇಗ ಹೆಚ್ಚೇನೂ ಉಳಿಸಲ್ಲ, ಏರಿ ಮುಗಿಯೋದರೊಳಗೆ ಇಳಿಯೋಕೆ ಶುರು. ಆದರೆ ಮಂಗಳೂರಿನ ವಿಮಾನ ನಿಲ್ದಾಣ ಇರೋ ಬಜ್ಪೆಯಲ್ಲಿ ಇಳಿಯೋದಿದೆಯಲ್ಲ, ಅದನ್ನು ನೋಡಲೇಬೇಕು! ಗುಡ್ಡದ ನೆತ್ತಿ ಸಮ ಮಾಡಿ ಕಟ್ಟಿದ ರನ್‌ವೇ. ಕೆಳಗೆ ಆಳದ ಕಣಿವೆ, ತೆಂಗಿನ ತೋಟ, ಕೆಂಪು ಹಂಚಿನ ಮನೆ, ಇನ್ನೂ ಎತ್ತರದಲ್ಲಿದ್ದೀವಿ ಅಂದ್ಕೊಳ್ಳುವಾಗಲೇ ನೆಲ ಮೇಲೆದ್ದು ಬಂದು ಚಕ್ರ ಮುಟ್ಟುತ್ತೆ. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು.

ಕದ್ರಿಯ ಅಕ್ಕನ ಮನೆ ಮುಟ್ಟಿದಾಗ ಸಂಜೆ ಐದೂವರೆ. ಎಂಟೂವರೆ ಗಂಟೆಯಲ್ಲಿ ಹಾರಿದ್ದು ಒಂದು ಗಂಟೆ 35 ನಿಮಿಷ. ಒಬ್ಬನೇ ಆಗಿದ್ದರೆ ನಾನು ರಾತ್ರಿ ಸ್ಲೀಪರ್ ಬಸ್ಸನ್ನೇ ಹಿಡಿತೀನಿ. ಅವ್ವನಂಥವರಿಗೆ ಘಾಟಿನ ತಿರುವು ಆಗಲ್ಲ, ಅವರಿಗಾಗಿ ಈ ಎರಡು ಊರಿನ ನಡುವೆ ನೇರ ವಿಮಾನ ದಿನಾ ಇರಲೇಬೇಕು.

ಅಕ್ಕ ಗಂಟು ಬಿಚ್ಚಿದಳು. ಅವ್ವ ಕೂಸನ್ನು ಎತ್ತಿಕೊಳ್ಳೋದಕ್ಕೂ ಮೊದಲು ರೊಟ್ಟಿ ಎಣಿಸಿದಳು. ಮೂರೇ ಮುರಿದಿದ್ದವು.