ಹಳೆಯ ಮಳೆಯ ಬಿಸಿ

ನಮಸ್ಕಾರ. ಬೆಟ್ಟದ ತಪ್ಪಲಿನ ಕಾಡಲ್ಲಿ ಬಿಸಿನೀರಿನ ಬುಗ್ಗೆ ನೋಡಲು ಹೊರಟಿದ್ದರೆ ಬೆಳಗಿನ ಜಾವವೇ ಹೋಗಿ. ಚಳಿ ಇದ್ದಷ್ಟೂ ಒಳ್ಳೆಯದು. ಮಧ್ಯಾಹ್ನದ ಬಿಸಿಲಲ್ಲಿ ಅದು ಬರೀ ಒಂದು ಹೊಂಡದ ಹಾಗೆ ಕಾಣುತ್ತದೆ. ಚಳಿಯಲ್ಲಾದರೆ ಮರಗಳ ನಡುವೆ ತೆಳ್ಳಗೆ ಹಬೆ ಏಳುತ್ತಿರುತ್ತದೆ. ಮೊದಲ ಸಲ ಹೋದಾಗ ನನಗೆ ದಾರಿ ತೋರಿಸಿದ್ದೇ ಆ ಹಬೆ.

ಹೋದ ತಕ್ಷಣ ನೀರಿಗೆ ಇಳಿಯಬೇಡಿ. ಸುಮ್ನೆ ದಡದಲ್ಲಿ ಕೂತು ತಳ ನೋಡಿ. ನೀರು ಉಕ್ಕುವ ಜಾಗದಲ್ಲಿ ಮರಳಿನ ಕಾಳುಗಳು ಏಳುತ್ತವೆ, ಸುತ್ತುತ್ತವೆ, ಮತ್ತೆ ಅಲ್ಲೇ ಬೀಳುತ್ತವೆ. ನಡುನಡುವೆ ಒಂದು ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ನೀರು ಕುದಿಯುತ್ತಿದೆ ಅಂದುಕೊಳ್ಳುತ್ತಾರೆ ಎಷ್ಟೋ ಜನ. ಬೆಚ್ಚಗಿನ ಬುಗ್ಗೆಯಲ್ಲಿ ಅದು ಕುದಿತ ಅಲ್ಲ, ನೆಲದೊಳಗಿಂದ ನೀರಿನ ಜೊತೆಗೇ ಬಂದ ಅನಿಲ.

ಹಾಗಾದರೆ ಬಿಸಿ ಎಲ್ಲಿಂದ ಬಂತು? ಕೆಳಗೆ ಜ್ವಾಲಾಮುಖಿ ಇರಲೇಬೇಕು ಅಂತೇನಿಲ್ಲ. ನೆಲದೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಸಂದುಗಳಲ್ಲಿ ಇಂಗಿ ಇಂಗಿ ಆಳಕ್ಕೆ ಹೋಗಿ, ಅಲ್ಲಿ ಕಾದು, ಆಮೇಲೆ ತಪ್ಪಲಲ್ಲಿ ದೊಡ್ಡ ಬಿರುಕೊಂದು ಸಿಕ್ಕರೆ ಹಿಂದಿನಿಂದ ಬರುವ ನೀರಿನ ಒತ್ತಡಕ್ಕೆ ಮೇಲೇರಿ ಬರುತ್ತದೆ. ಬೇಗ ಬಂದರೆ ಬಿಸಿ ಉಳಿಯುತ್ತದೆ. ದಾರಿಯಲ್ಲಿ ತಣ್ಣೀರು ಬೆರೆತರೆ ಉಗುರುಬೆಚ್ಚಗಾಗುತ್ತದೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಕೂಡ ಇಂಥದೇ ಕಾಡುಗುಡ್ಡಗಳ ಜಾಗ. ಅಲ್ಲಿ ಇವತ್ತು ಉಕ್ಕುವ ನೀರು ಬಹುಪಾಲು ಸುಮಾರು 4,400 ವರ್ಷಗಳ ಹಿಂದೆ ಬಿದ್ದ ಮಳೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 4,400 ವರ್ಷ! ಇದು ಗೊತ್ತಾದ ಮೇಲೆ ಯಾವ ಬುಗ್ಗೆಗೆ ಹೋದರೂ ನಾನು ಕೈ ಅದ್ದಿ ಒಂದು ನಿಮಿಷ ಹಾಗೇ ಇರುತ್ತೇನೆ. ಇಷ್ಟು ದೂರ ನಡೆದು ಬಂದ ನೀರಿಗೆ ಯಾರಾದರೂ ಸೋಪು, ಶಾಂಪೂ ಸುರಿಯುವುದನ್ನು ನೋಡಿದರೆ ನಿಜವಾಗಿಯೂ ಸಂಕಟ ಆಗುತ್ತದೆ.

ಇಳಿಯುವವರಿಗೆ ಒಂದೆರಡು ಮಾತು. ಒಂದೇ ಹೊಂಡದಲ್ಲಿ ಒಂದು ಮೂಲೆ ಹಿತವಾಗಿದ್ದು ಇನ್ನೊಂದು ಮೂಲೆ ಸುಡಬಹುದು, ಅದಕ್ಕೇ ಮೊದಲು ಕೈ ಅದ್ದಿ ನೋಡಿ. 40 ಡಿಗ್ರಿಗಿಂತ ಜಾಸ್ತಿ ಇದ್ದರೆ ಇಳಿಯಬೇಡಿ. ಹತ್ತು, ಹದಿನೈದು ನಿಮಿಷ ಸಾಕು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಹೋಗಿ. ತಲೆ ಮಾತ್ರ ಮುಳುಗಿಸಲೇಬೇಡಿ. ಬೆಚ್ಚಗಿನ ಸಿಹಿನೀರಲ್ಲಿ ನೇಗ್ಲೇರಿಯಾ ಅನ್ನುವ ಅಮೀಬಾ ಇರಬಹುದು, ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ. ತೀರಾ ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡಿ.

ವಾಪಸು ಬರುವಾಗ ಬುಗ್ಗೆಯಿಂದ ಹರಿಯುವ ತೋಡಿನ ಪಕ್ಕದಲ್ಲೇ ಇಳಿದು ಬನ್ನಿ. ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ ಬೆರಳು ಅದ್ದಿ. ಮೊದಲು ಬೆಚ್ಚಗೆ, ಆಮೇಲೆ ಬೆಚ್ಚಗಿದೆಯೋ ಇಲ್ಲವೋ ಅನ್ನುವ ಹಾಗೆ, ಕೊನೆಗೆ ಎಲ್ಲೋ ಒಂದು ತಿರುವಿನಲ್ಲಿ ಕಾಡಿನ ಬೇರೆ ತೋಡುಗಳ ಹಾಗೇ ತಣ್ಣಗೆ.