ಡಿಜಿಟಲ್ ಟ್ವಿನ್‌ಗೆ ಅಂದಾಜು ಉಣಿಸುವ ಮುನ್ನ

ನಮಸ್ಕಾರ. ಒಂದು ಲಿಪಿಡ್ ಪ್ರೊಫೈಲ್ ರಿಪೋರ್ಟ್ ನೆನಪಿಸಿಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್, ಎಲ್‌ಡಿಎಲ್ ಅಂತ ಸಾಲುಗಳಿರುತ್ತವೆ. ಮೊದಲ ಮೂರನ್ನು ಲ್ಯಾಬ್ ಅಳೆದಿರುತ್ತೆ. ಎಲ್‌ಡಿಎಲ್ ಮಾತ್ರ ಎಷ್ಟೋ ಕಡೆ ಬರೀ ಲೆಕ್ಕ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ. ಸೂತ್ರದ ಜೊತೆಗೇ ಅದರ ಬೇಲಿಯೂ ಬಂತು: ಟ್ರೈಗ್ಲಿಸರೈಡ್ ಡೆಸಿಲೀಟರ್‌ಗೆ 400 ಮಿಲಿಗ್ರಾಂ ದಾಟಿದರೆ ಈ ಲೆಕ್ಕ ಬಳಸಬಾರದು.

ವರ್ಚುವಲ್ ಸೆನ್ಸರ್ ಅಂದರೆ ಇದೇ. ನೇರವಾಗಿ ಅಳೆಯಲಾಗದ್ದನ್ನು, ಅಳೆದ ಬೇರೆ ಸಂಗತಿಗಳಿಂದ ಒಂದು ಮಾಡೆಲ್ ಮೂಲಕ ಅಂದಾಜು ಮಾಡೋದು. ಈಗ ರೋಗಿಯ ಡಿಜಿಟಲ್ ಟ್ವಿನ್‌ಗಳಿಗೆ, ಅಂದರೆ ಒಬ್ಬ ವ್ಯಕ್ತಿಯ ದೇಹದ ಜೊತೆಜೊತೆಗೇ ಹೆಜ್ಜೆ ಹಾಕೋ ಕಂಪ್ಯೂಟರ್ ಮಾಡೆಲ್‌ಗಳಿಗೆ, ಡೇಟಾ ಒದಗಿಸೋಕೆ ಇಂಥ ಸೆನ್ಸರ್‌ಗಳು ಬರುತ್ತಿವೆ. ನಾನು ಇದರ ಪರ. ಹೃದಯದ ಟ್ವಿನ್‌ಗೆ ಬೇಕಾಗಿರೋದು ನಿಮಿಷಕ್ಕೆ ಎಷ್ಟು ಲೀಟರ್ ರಕ್ತ ಹರಿಯುತ್ತಿದೆ, ರಕ್ತನಾಳ ಎಷ್ಟು ಬಿಗಿಯಾಗಿದೆ ಅನ್ನೋದು. ಹಾಸಿಗೆ ಪಕ್ಕ ಸಿಗೋದು ಇಸಿಜಿ, ಬಿಪಿ, ಆಕ್ಸಿಜನ್ ಮಟ್ಟ. ಎಲ್ಲರ ಹೃದಯದೊಳಗೂ ಕ್ಯಾಥೆಟರ್ ತೂರಿಸೋಕೆ ಆಗಲ್ಲ, ತೂರಿಸಲೂಬಾರದು. ಅಂದಾಜು ಬೇಕೇ ಬೇಕು.

ನನ್ನ ತಕರಾರು ಒಂದೇ. ಅಂದಾಜು ಟ್ವಿನ್ ಒಳಗೆ ಹೋಗುವಾಗ ಅಂದಾಜಾಗಿಯೇ ಹೋಗಬೇಕು, ಅಳತೆಯ ವೇಷದಲ್ಲಿ ಅಲ್ಲ. ಫ್ರೀಡ್‌ವಾಲ್ಡ್ ಸೂತ್ರಕ್ಕಿರೋ ಬೇಲಿ ಇವತ್ತಿನ ಎಷ್ಟೋ ಮಾಡೆಲ್‌ಗಳಿಗೆ ಇಲ್ಲ.

ಐಸಿಯುವಿನ ಒಂದು ಉದಾಹರಣೆ ತಗೊಳ್ಳೋಣ. ಮಣಿಕಟ್ಟಿನ ಧಮನಿಯಲ್ಲಿ ಲೈನ್, ಅಂದರೆ ತೆಳು ಕೊಳವೆ, ಹಾಕಿದೆ, ಒತ್ತಡದ ಅಲೆ ಬರುತ್ತಿದೆ. ಆ ಅಲೆಯ ಆಕಾರದಿಂದ ಪ್ರತಿ ಬಡಿತಕ್ಕೆ ಎಷ್ಟು ರಕ್ತ ಹೊರಬಂತು ಅಂತ ಲೆಕ್ಕ ಹಾಕಬಹುದು. ಇದರ ಬೇರು 1899ರಲ್ಲಿ ಜರ್ಮನ್ ಶರೀರವಿಜ್ಞಾನಿ ಒಟ್ಟೋ ಫ್ರಾಂಕ್ ಕೊಟ್ಟ ವಿಂಡ್‌ಕೆಸೆಲ್ ಮಾಡೆಲ್‌ನಲ್ಲಿದೆ; ಅದು ಧಮನಿಗಳನ್ನು ಹಿಗ್ಗಿ ಕುಗ್ಗೋ ಒಂದು ಕೋಶದಂತೆ ನೋಡುತ್ತೆ. ತೊಡಕು ಏನಂದರೆ, ಲೆಕ್ಕಕ್ಕೆ ಧಮನಿ ಎಷ್ಟು ಹಿಗ್ಗುತ್ತೆ ಅನ್ನೋದು ಗೊತ್ತಿರಬೇಕು. ಕ್ಯಾಲಿಬ್ರೇಷನ್, ಅಂದರೆ ನಿಜವಾದ ಅಳತೆಗೆ ಹೋಲಿಸಿ ಸರಿಹೊಂದಿಸೋದು, ಇಲ್ಲದ ವ್ಯವಸ್ಥೆಗಳು ಅದನ್ನು ವಯಸ್ಸು, ಎತ್ತರ, ತೂಕ, ಲಿಂಗ ನೋಡಿ ಊಹಿಸುತ್ತವೆ. ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸೋ ಸೆಪ್ಸಿಸ್‌ನಲ್ಲಿ ರಕ್ತನಾಳಗಳು ಸಡಿಲಗೊಂಡಾಗ ಮಣಿಕಟ್ಟಿನ ಅಲೆಗೂ ಮಹಾಧಮನಿಯ ಅಲೆಗೂ ಹೊಂದಾಣಿಕೆ ತಪ್ಪುತ್ತೆ. ಆಗ ಈ ಅಂದಾಜು ನಿಜಕ್ಕಿಂತ ಕಡಿಮೆ ಬರೋ ಸಾಧ್ಯತೆ ಹೆಚ್ಚು.

ಇದನ್ನು ಸಂಖ್ಯೆಯಲ್ಲಿ ನೋಡಿ. ಸರಾಸರಿ ಧಮನಿ ಒತ್ತಡ 75 ಮಿಲಿಮೀಟರ್ ಪಾದರಸ, ಹೃದಯಕ್ಕೆ ಮರಳೋ ಸಿರೆಯ ಒತ್ತಡ 8. ವ್ಯತ್ಯಾಸ 67. ವರ್ಚುವಲ್ ಸೆನ್ಸರ್ ನಿಮಿಷಕ್ಕೆ 5 ಲೀಟರ್ ಅಂತು. 67ನ್ನು 5ರಿಂದ ಭಾಗಿಸಿ 80ರಿಂದ (ಇದು ಬರೀ ಏಕಮಾನ ಬದಲಿಸೋ ಸಂಖ್ಯೆ) ಗುಣಿಸಿದರೆ ರಕ್ತನಾಳದ ಪ್ರತಿರೋಧ 1072. ಸಾಮಾನ್ಯ ವ್ಯಾಪ್ತಿ ಸುಮಾರು 800ರಿಂದ 1200, ಹಾಗಾಗಿ ರಕ್ತನಾಳ ಸರಿಯಾಗಿದೆ ಅನ್ನಿಸುತ್ತೆ. ನಿಜವಾದ ಹರಿವು 7 ಲೀಟರ್ ಆಗಿದ್ದರೆ ಪ್ರತಿರೋಧ 766. ರಕ್ತನಾಳ ಸಡಿಲವಾಗಿದೆ, ಆದರೆ ಟ್ವಿನ್ ಹೃದಯದ ಕಡೆ ಬೆರಳು ತೋರಿಸುತ್ತೆ. ಔಷಧದ ಆಯ್ಕೆಯೇ ದಾರಿ ತಪ್ಪಬಹುದು.

ಇನ್ನೂ ಒಳಗಿನ ಸಮಸ್ಯೆ ಒಂದಿದೆ, ನನಗೆ ಅತಿ ಹೆಚ್ಚು ಆತಂಕ ಅದರದ್ದೇ. ಆ 5 ಲೀಟರ್ ಬಂದದ್ದು ಅದೇ ಒತ್ತಡದ ಅಲೆಯಿಂದ. ಟ್ವಿನ್ ಒತ್ತಡವನ್ನೂ ತಗೊಂಡಿತು, ಹರಿವನ್ನೂ ತಗೊಂಡಿತು, ಎರಡು ಸಾಕ್ಷಿ ಸಿಕ್ಕವು ಅಂದುಕೊಂಡಿತು. ಸಾಕ್ಷಿ ಒಂದೇ, ಎರಡು ಸಲ ಬಾಯಿ ಬಿಟ್ಟಿದೆ ಅಷ್ಟೆ. ಮುನ್ಸೂಚನೆಯನ್ನೂ ಹೊಸ ಅಳತೆಯನ್ನೂ ತೂಗಿ ಬೆರೆಸಿ ಟ್ವಿನ್‌ಗಳನ್ನು ತಿದ್ದೋಕೆ ಬಳಸೋ ಗಣಿತದ ವಿಧಾನ ಕಲ್ಮನ್ ಫಿಲ್ಟರ್, ಮಾಮೂಲಿ ರೂಪದಲ್ಲಿ, ಅಳತೆಗಳ ದೋಷಗಳಿಗೆ ಪರಸ್ಪರ ಸಂಬಂಧ ಇದ್ದರೆ ಅದನ್ನು ಮೊದಲೇ ಹೇಳಬೇಕು ಅಂತ ಕೇಳುತ್ತೆ. ಹೇಳದಿದ್ದರೆ ಇಲ್ಲ ಅಂತಲೇ ನಂಬುತ್ತೆ. ತಲಾ 1 ಲೀಟರ್ ದೋಷ ಇರೋ ಎರಡು ಸ್ವತಂತ್ರ ಅಳತೆಗಳ ಸರಾಸರಿಯಲ್ಲಿ ದೋಷ ಸುಮಾರು 0.7ಕ್ಕೆ ಇಳಿಯುತ್ತೆ. ಎರಡೂ ಒಂದೇ ಮೂಲದವಾಗಿ ಒಟ್ಟೊಟ್ಟಿಗೇ ತಪ್ಪುತ್ತಿದ್ದರೆ 1 ಲೀಟರ್‌ನಲ್ಲೇ ನಿಲ್ಲುತ್ತೆ. ಪರದೆ ಮೇಲೆ ಮಾತ್ರ 0.7 ಅಂತ ತೋರಿಸುತ್ತೆ. ಆ ನಿಖರತೆ ಕನ್ನಡಿಯೊಳಗಿನ ಗಂಟು.

ಇದಕ್ಕಿಂತ ಕೆಟ್ಟದ್ದು, ಸೆನ್ಸರ್ ಕಳಚಿ ಬಿದ್ದಾಗ ಆಗೋದು. ಡೇಟಾ ಇಲ್ಲದ ಜಾಗವನ್ನು ಟ್ವಿನ್‌ನದ್ದೇ ಮುನ್ಸೂಚನೆಯಿಂದ ತುಂಬಿಸಿ, ಅದನ್ನೇ ಹೊಸ ಅಳತೆ ಅಂತ ಟ್ವಿನ್‌ಗೆ ವಾಪಸ್ ಕೊಡೋ ವಿನ್ಯಾಸಗಳಿವೆ. ಹೇಳಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಸೊನ್ನೆ. ವಿಶ್ವಾಸ ಏರುತ್ತಲೇ ಹೋಗುತ್ತೆ. ರೋಗಿಯಿಂದ ಒಂದೇ ಒಂದು ಸಂಕೇತ ಬರದ ಹೊತ್ತಲ್ಲಿ ಟ್ವಿನ್‌ಗೆ ಅತಿ ಹೆಚ್ಚು ಖಾತ್ರಿ ಇರುತ್ತೆ!

ಹಾಗಾದರೆ ಏನು ಮಾಡಬೇಕು? ಪ್ರತಿ ಅಂದಾಜಿನ ಜೊತೆ ಅದರ ದೋಷದ ಅಗಲ, ಅದು ಯಾವ ಯಾವ ಕಚ್ಚಾ ಸಂಕೇತಗಳಿಂದ ಹುಟ್ಟಿತು ಅನ್ನೋ ಪಟ್ಟಿ, ಕೊನೆಯ ನಿಜವಾದ ಅಳತೆ ಆಗಿ ಎಷ್ಟು ಹೊತ್ತಾಯಿತು ಅನ್ನೋದು, ಇವಿಷ್ಟನ್ನೂ ದಾಖಲಿಸಿ. ಮೂಲ ಒಂದೇ ಆಗಿದ್ದರೆ ಕಚ್ಚಾ ಅಲೆಯನ್ನೇ ನೇರ ಟ್ವಿನ್‌ಗೆ ಕೊಡಿ, ನಡುವಿನ ದಲ್ಲಾಳಿ ಬೇಡ. ಆಗದಿದ್ದರೆ ದೋಷಗಳ ನಂಟನ್ನು ಫಿಲ್ಟರ್‌ಗೆ ತಿಳಿಸಿ. ರಕ್ತನಾಳ ಬಿಗಿಗೊಳಿಸೋ ಔಷಧದ ಡೋಸ್ ಗಣನೀಯವಾಗಿ ಬದಲಾದಾಗಲೆಲ್ಲ ಹಳೆಯ ಕ್ಯಾಲಿಬ್ರೇಷನ್ ಹಳಸಿತು ಅಂತ ಗುರುತು ಹಾಕಿ. ಮುನ್ಸೂಚನೆಗೂ ಅಳತೆಗೂ ನಡುವಿನ ವ್ಯತ್ಯಾಸ ಒಂದೇ ಕಡೆಗೆ ವಾಲುತ್ತಲೇ ಇದ್ದರೆ ಅದು ಗದ್ದಲ ಅಲ್ಲ, ಮಾಡೆಲ್ ಜಾರುತ್ತಿದೆ.

ಕಚ್ಚಾ ಸಂಕೇತವನ್ನೂ ಕುರುಡಾಗಿ ನಂಬಬೇಡಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ. ಒತ್ತಡವನ್ನು ವಿದ್ಯುತ್ ಸಂಕೇತವಾಗಿಸೋ ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 7.5 ಮಿಲಿಮೀಟರ್ ಪಾದರಸದಷ್ಟು ಹೆಚ್ಚು ತೋರುತ್ತೆ. ಟ್ಯೂಬಿನಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಲೆಯ ಶಿಖರ ಮೊಂಡಾಗುತ್ತೆ, ಅಲೆಯ ಆಕಾರದ ಮೇಲೆ ನಿಂತ ಲೆಕ್ಕವೆಲ್ಲ ಕೆಡುತ್ತೆ. ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಕೂಡ ಒಳಗೊಳಗೆ ವರ್ಚುವಲ್ ಸೆನ್ಸರೇ. ಸುಮಾರು 660 ಮತ್ತು 940 ನ್ಯಾನೋಮೀಟರ್‌ನ ಎರಡು ಬೆಳಕುಗಳ ಅನುಪಾತವನ್ನು, ಸ್ವಯಂಸೇವಕರ ಮೇಲೆ ಮಾಡಿದ ಕ್ಯಾಲಿಬ್ರೇಷನ್ ಕೋಷ್ಟಕದ ಮೂಲಕ ಶೇಕಡಾವಾರಿಗೆ ಬದಲಿಸುತ್ತೆ. ಕಪ್ಪು ಚರ್ಮದವರಲ್ಲಿ ಅದು ಆಕ್ಸಿಜನ್ ಹೆಚ್ಚು ತೋರಿಸಿ ನಿಜವಾದ ಕೊರತೆಯನ್ನು ಮುಚ್ಚಿಡೋ ಸಾಧ್ಯತೆ ಜಾಸ್ತಿ ಅನ್ನೋದು 2020ರ ಅಧ್ಯಯನದ ನಂತರ ದೊಡ್ಡ ಚರ್ಚೆಯಾಯಿತು. ಆ ದೋಷ ಟ್ವಿನ್‌ಗೂ ಹಾಗೇ ಇಳಿಯುತ್ತೆ.

ತೋಳಿಗೆ ಸುತ್ತೋ ಕಫ್ ಇಲ್ಲದೆ ಬಿಪಿ ಅಂದಾಜಿಸೋ ವಿಷಯಕ್ಕೆ ಬಂದರೆ ಸಮಯದ ಹೊಂದಾಣಿಕೆಯೇ ಪ್ರಾಣ. ಇಸಿಜಿಯ ಶಿಖರದಿಂದ ನಾಡಿ ಬೆರಳು ತಲುಪೋವರೆಗಿನ ಮಿಲಿಸೆಕೆಂಡುಗಳನ್ನು ಎಣಿಸಿ, ಅದರಿಂದ ಬಿಪಿ ಊಹಿಸಬೇಕು. ಸೆಕೆಂಡಿಗೆ 125 ಸಲ ಮಾದರಿ ತೆಗೆದರೆ ಎರಡು ಬಿಂದುಗಳ ಅಂತರವೇ 8 ಮಿಲಿಸೆಕೆಂಡು. ಬ್ಲೂಟೂತ್‌ನಲ್ಲಿ ಡೇಟಾ ಬಂದು ತಲುಪಿದ ಹೊತ್ತನ್ನು ಅಳೆದ ಹೊತ್ತು ಅಂತ ಬರೆದುಕೊಂಡರೆ ಲೆಕ್ಕ ಮುಗಿಯಿತು. ಸಾಧನದೊಳಗಿನ ಗಡಿಯಾರದ ಸಮಯವನ್ನೇ ಬಳಸಿ.

ಶುಗರ್ ವಿಷಯದಲ್ಲಿ ಕ್ಷೇತ್ರ ಮುಂದಿದೆ. ಟೈಪ್ 1 ಮಧುಮೇಹದ ಒಂದು ಸಿಮ್ಯುಲೇಟರನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಪ್ರಾಣಿ ಪ್ರಯೋಗಕ್ಕೆ ಬದಲಿಯಾಗಿ ಒಪ್ಪಿತು. ಅಲ್ಲೂ ಎಚ್ಚರ ಬೇಕು: ಚರ್ಮದಡಿಯ ಸೆನ್ಸರ್ ರಕ್ತಕ್ಕಿಂತ ನಿಮಿಷಗಟ್ಟಲೆ ಹಿಂದಿರುತ್ತೆ, ಅದರ ಮೇಲೆ ಮಲಗಿದರೆ ಸುಳ್ಳು ಲೋ ಶುಗರ್ ತೋರಿಸುತ್ತೆ.

ನಿಖರತೆ ಬಗ್ಗೆ ಯಾರಾದರೂ ಸರಾಸರಿ ದೋಷ ಇಷ್ಟೇ ಅಂದರೆ ಮರುಪ್ರಶ್ನೆ ಹಾಕಿ: ಕೊನೆಯ ಕಫ್ ರೀಡಿಂಗ್ ಅನ್ನೇ ಬದಲಿಸದೆ ತೋರಿಸುತ್ತಾ ಕೂತಿದ್ದರೆ ದೋಷ ಎಷ್ಟಾಗುತ್ತಿತ್ತು? ವಿಶ್ರಾಂತಿಯಲ್ಲಿರೋರ ಬಿಪಿ ಹೆಚ್ಚು ಬದಲಾಗಲ್ಲ, ಹಾಗಾಗಿ ಏನೂ ಮಾಡದ ಆ ವಿಧಾನಕ್ಕೂ ಒಳ್ಳೇ ಅಂಕ ಬರುತ್ತೆ. ಅದನ್ನು ಸೋಲಿಸದ ಸೆನ್ಸರ್ ಟ್ವಿನ್‌ಗೆ ಬೇಡ. ಸರಾಸರಿ ಬದಲು, ಬಿಪಿ ಸರ್ರನೆ ಕುಸಿದ ಹೊತ್ತಿನ ದೋಷವನ್ನಷ್ಟೇ ಬೇರೆಯಾಗಿ ತೋರಿಸಿ ಅಂತ ಕೇಳಿ.

ಹಾಸಿಗೆಗೆ ಜೋಡಿಸೋ ಮೊದಲು ಒಂದು ಪರೀಕ್ಷೆ ಮಾಡಿ, ಸುಲಭದ್ದು. ರೆಕಾರ್ಡ್ ಆದ ಹಳೇ ಡೇಟಾ ತಗೊಂಡು, ಧಮನಿ ಒತ್ತಡದ ಸಂಕೇತವನ್ನು 30 ನಿಮಿಷ ಪೂರ್ತಿ ಅಳಿಸಿ, ಟ್ವಿನ್ ಓಡಿಸಿ. ಅದು ತೋರಿಸೋ ದೋಷದ ವ್ಯಾಪ್ತಿ ನಿಮಿಷ ಕಳೆದಂತೆ ಅಗಲ ಆಗುತ್ತಾ ಹೋಗಬೇಕು. ಮೊದಲನೇ ನಿಮಿಷದಲ್ಲೂ ಮೂವತ್ತನೇ ನಿಮಿಷದಲ್ಲೂ ವ್ಯಾಪ್ತಿ ಅಷ್ಟೇ ಅಗಲ ಇದ್ದರೆ, ಆ ಟ್ವಿನ್ ಇನ್ನೂ ರೋಗಿಯ ಹತ್ತಿರ ಬರೋ ಹಾಗಿಲ್ಲ.