ಅಟ್ಟೆ ನೋಡಿ ಬೂಟು ಕೊಳ್ಳಿ

ನಮಸ್ಕಾರ ಕೇಳುಗರೇ.

ಅಂಗಡಿಯಲ್ಲಿ ಬೂಟು ಕೈಗೆ ಬಂದರೆ ನಮ್ಮ ಕಣ್ಣು ಮೊದಲು ಅದರ ಹೊಳಪಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ, ಅದನ್ನು ಮಗುಚಿ ಅಟ್ಟೆ ನೋಡಿ. ಬಾಳಿಕೆಯ ಗುಟ್ಟು ಇರೋದು ಅಲ್ಲಿ.

ಇವತ್ತು ಅಮೆರಿಕದ ಟೆಕ್ಸಾಸ್ ಕಡೆಯ ಕೌಬಾಯ್ ಬೂಟು ಮತ್ತು ಅಲ್ಲಿನ ಕೆಲಸಗಾರರ ದಪ್ಪ ಚರ್ಮದ ಬೂಟಿನ ಬಗ್ಗೆ ಮಾತಾಡೋಣ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ರಜೆಗೆ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಇಂಥ ಬೂಟು ಇಲ್ಲಿಗೂ ಬರುತ್ತದೆ ಅಲ್ವಾ?

ಕೌಬಾಯ್ ಬೂಟು ಶೋಕಿಗಾಗಿ ಹುಟ್ಟಿದ್ದಲ್ಲ. 1865ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗಿದ ಮೇಲೆ, ಕೌಬಾಯ್‌ಗಳು, ಅಂದರೆ ಕುದುರೆ ಏರಿ ದನ ಕಾಯುವವರು, ಟೆಕ್ಸಾಸಿನ ದನದ ಮಂದೆಗಳನ್ನು ನೂರಾರು ಮೈಲಿ ದೂರದ ಕನ್ಸಾಸಿನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಇಡೀ ದಿನ ಕುದುರೆ ಮೇಲೆಯೇ. ಎತ್ತರದ ಹಿಮ್ಮಡಿ ಇದ್ದರೆ ಪಾದ ರಿಕಾಪಿನಿಂದ, ಅಂದರೆ ಜೀನಿಗೆ ತೂಗುವ ಕಾಲಿಡುವ ಬಳೆಯಿಂದ, ಮುಂದಕ್ಕೆ ಜಾರುವುದಿಲ್ಲ. ಮೊಣಕಾಲ ಹತ್ತಿರದವರೆಗೆ ಬರುವ ಚರ್ಮ ಮುಳ್ಳುಕಂಟಿಯಿಂದ ಕಾಪಾಡುತ್ತದೆ. ಅದರ ಮೇಲಿನ ಸಾಲು ಸಾಲು ಹೊಲಿಗೆ ಚೆಂದ ಕಾಣುತ್ತದೆ ನಿಜ, ಆದರೆ ಚರ್ಮ ಜೋತುಬೀಳದಂತೆ ಬಿಗಿ ಕೊಡೋದೂ ಅದೇ. ಕಟ್ಟುವ ದಾರ ಇಲ್ಲದ್ದರಿಂದ, ಸವಾರ ಬಿದ್ದು ಕಾಲು ಸಿಕ್ಕಿಕೊಂಡರೂ ಬೂಟಿನಿಂದ ಕಾಲನ್ನು ಎಳೆದುಕೊಳ್ಳಬಹುದು. ಈಗ ಕಾಣುವ ತೀರಾ ಚೂಪು ಮೂತಿ ಮಾತ್ರ ಎಷ್ಟೋ ಕಾಲದ ನಂತರ ಬಂದ ಫ್ಯಾಷನ್.

1879ರಲ್ಲಿ ಎಚ್.ಜೆ. ಜಸ್ಟಿನ್ ಎಂಬವರು ರೆಡ್ ನದಿಯ ದಡದ ಸ್ಪ್ಯಾನಿಷ್ ಫೋರ್ಟ್ ಎಂಬ ಪುಟ್ಟ ಊರಿನಲ್ಲಿ ಬೂಟಿನ ಅಂಗಡಿ ಹಾಕಿದರು. ಮಂದೆಗಳು ನದಿ ದಾಟುತ್ತಿದ್ದದ್ದು ಆ ಊರಿನ ಹತ್ತಿರವೇ. ಹಾಗಾಗಿ ಗಿರಾಕಿಗಳಿಗೆ ಬರ ಇರಲಿಲ್ಲ. ಅತ್ತ ಉತ್ತರದ ಮಿನೆಸೋಟಾದಲ್ಲಿ 1905ರಲ್ಲಿ ರೆಡ್ ವಿಂಗ್ ಕಂಪನಿ ಶುರುವಾಯಿತು. ಅದು ಹೆಸರು ಮಾಡಿದ್ದು ಗಣಿ, ಹೊಲ, ಕಾಡಿನಲ್ಲಿ ದುಡಿಯುವವರ ಬೂಟಿನಿಂದ.

ಈಗ ಅಟ್ಟೆಗೆ ಬರೋಣ. ಒಳ್ಳೆಯ ಬೂಟಿನಲ್ಲಿ ಮೇಲಿನ ಚರ್ಮಕ್ಕೂ ಅಟ್ಟೆಗೂ ನಡುವೆ ಸುತ್ತಲೂ ಒಂದು ಚರ್ಮದ ಪಟ್ಟಿ ಇರುತ್ತದೆ. ಅದಕ್ಕೆ ವೆಲ್ಟ್ ಅಂತಾರೆ. ಮೇಲಿನ ಚರ್ಮವನ್ನು ಪಟ್ಟಿಗೆ ಹೊಲಿಯುತ್ತಾರೆ, ಪಟ್ಟಿಯನ್ನು ಅಟ್ಟೆಗೆ ಹೊಲಿಯುತ್ತಾರೆ. ಅಟ್ಟೆ ಸವೆದಾಗ ಎರಡನೆಯ ಹೊಲಿಗೆ ಮಾತ್ರ ಬಿಚ್ಚಿ ಹೊಸ ಅಟ್ಟೆ ಹಾಕಬಹುದು. ಮೇಲ್ಭಾಗಕ್ಕೆ ಏನೂ ಆಗುವುದಿಲ್ಲ. ಬರೀ ಗೋಂದಿನಿಂದ ಅಂಟಿಸಿದ ಬೂಟಿನಲ್ಲಿ ಇಷ್ಟು ಸುಲಭಕ್ಕೆ ಅಟ್ಟೆ ಬದಲಾಯಿಸಲು ಬರುವುದಿಲ್ಲ. ಕೆಲವು ಅಗ್ಗದ ಬೂಟುಗಳಲ್ಲಿ ಅಂಚಿಗೆ ಸುಮ್ನೆ ತೋರಿಕೆಗೆ ಹೊಲಿಗೆ ಹಾಕಿರುತ್ತಾರೆ. ಹೊಲಿಗೆ ಅಟ್ಟೆಯವರೆಗೆ ಇಳಿದಿದೆಯಾ ಅಂತ ಕೇಳಿ ತಿಳಿದುಕೊಳ್ಳಿ.

ಒಳ್ಳೆಯ ಕೌಬಾಯ್ ಬೂಟಿನಲ್ಲಿ ಇನ್ನೊಂದು ಚೆಂದದ ಕೆಲಸ ನೋಡಲು ಸಿಗುತ್ತದೆ. ಅಟ್ಟೆಯ ನಡುಭಾಗದಲ್ಲಿ, ಹಿಮ್ಮಡಿಗೆ ಸ್ವಲ್ಪ ಮುಂದೆ, ಎರಡೂ ಅಂಚಿನಲ್ಲಿ ಕಡಲೆಬೇಳೆಗಿಂತ ಚಿಕ್ಕದಾದ ತಿಳಿಬಣ್ಣದ ಚುಕ್ಕಿಗಳ ಸಾಲು. ಅವು ಮರದ ಮೊಳೆಗಳು. ನೀರು ತಗುಲಿದರೆ ಚರ್ಮ ಉಬ್ಬುತ್ತದೆ, ಮೊಳೆಯೂ ಉಬ್ಬುತ್ತದೆ. ಒಣಗಿದರೆ ಎರಡೂ ಕುಗ್ಗುತ್ತವೆ. ಅದಕ್ಕೇ ಹಿಡಿತ ಸಡಿಲವಾಗುವುದಿಲ್ಲ. ಕಬ್ಬಿಣದ ಮೊಳೆಗೆ ಈ ಗುಣ ಇಲ್ಲ, ಮೇಲಾಗಿ ಅದು ತುಕ್ಕು ಹಿಡಿಯುತ್ತದೆ.

ಮೇಲಿನ ಚರ್ಮ ಫುಲ್ ಗ್ರೇನ್ ಆಗಿರಲಿ. ಅಂದರೆ ಮೇಲ್ಮೈ ಉಜ್ಜಿ ಬಣ್ಣದ ಪದರ ಹಚ್ಚದೆ ಹಾಗೇ ಉಳಿಸಿಕೊಂಡ ಚರ್ಮ. ಅದರಲ್ಲಿ ಒಂದೆರಡು ಗೀರು ಕಂಡರೆ ಬೇಡ ಅನ್ನಬೇಡಿ. ಚರ್ಮದ ಚೂರುಗಳನ್ನು ಅರೆದು ಅಂಟಿಸಿ ಮಾಡಿದ ಹಾಳೆಯ ಬೂಟು ಮಾತ್ರ ಬೇಡವೇ ಬೇಡ.

ಅಳತೆ ನೋಡುವಾಗ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಳ್ಳಿ. ಕೌಬಾಯ್ ಬೂಟನ್ನು ಹಿಡಿಯೋದು ಪಾದದ ಮೇಲ್ಭಾಗ. ಅಲ್ಲಿ ಬಿಗಿ ಬೇಕು, ನೋವು ಬೇಡ. ಬೆರಳುಗಳು ಆರಾಮಾಗಿ ಆಡಬೇಕು. ನಡೆದಾಗ ಹಿಮ್ಮಡಿ ಒಳಗೆ ಸ್ವಲ್ಪ ಎದ್ದರೆ ಗಾಬರಿಯಾಗಬೇಡಿ. ಹೊಸ ಅಟ್ಟೆ ಗಟ್ಟಿ ಇರುತ್ತದೆ, ಅದು ಬಾಗಲು ಶುರುವಾದ ಮೇಲೆ ಕಡಿಮೆಯಾಗುತ್ತದೆ. ಕೆಲಸದ ಬೂಟಿನಲ್ಲಿ ಮುಂದೆ ಉಕ್ಕಿನ ಟೋಪಿ ಇದ್ದರೆ ಬೆರಳು ಅದಕ್ಕೆ ತಾಗಲೇಬಾರದು. ಹಿಗ್ಗುತ್ತದೆ ಅಂತ ಅಂಗಡಿಯವರು ಹೇಳಿದರೂ ನಂಬಬೇಡಿ. ಚರ್ಮ ಹಿಗ್ಗೀತು, ಉಕ್ಕು ಹಿಗ್ಗುವುದಿಲ್ಲ.

ಆರೈಕೆ ದೊಡ್ಡ ಕೆಲಸವಲ್ಲ. ಬಿಚ್ಚಿದ ಕೂಡಲೇ ಬ್ರಷ್‌ನಿಂದ ಧೂಳು ತೆಗೆಯಿರಿ. ವೆಲ್ಟಿನ ಸಂದಿಯಲ್ಲಿ ಕೂತ ಮಣ್ಣು ಹೊಲಿಗೆಯನ್ನು ತಿನ್ನುತ್ತದೆ. ನೆನೆದರೆ ಒಳಗೆ ಕಾಗದ ತುಂಬಿ ನೆರಳಲ್ಲಿ ಇಡಿ. ಬಿಸಿಲು, ಒಲೆ, ಹೀಟರ್ ಹತ್ತಿರ ಬೇಡ; ಬಿಸಿಗೆ ಚರ್ಮ ಗಡುಸಾಗಿ ಬಿರಿಯುತ್ತದೆ, ಬಿರಿದದ್ದು ಮತ್ತೆ ಕೂಡುವುದಿಲ್ಲ. ಚರ್ಮ ಒಣಕಲು ಅನ್ನಿಸಿದಾಗ ಮಾತ್ರ ಕಂಡೀಷನರ್, ಅಂದರೆ ಚರ್ಮವನ್ನು ಮೆದುವಾಗಿಡುವ ಎಣ್ಣೆಯಂಶದ ಲೇಪ, ತೆಳ್ಳಗೆ ಹಚ್ಚಿ. ಎಣ್ಣೆ ಜಾಸ್ತಿಯಾದರೆ ಬೂಟು ಮೆತ್ತಗಾಗಿ ಆಕಾರ ಕೆಡುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಅದೇ ಬೂಟನ್ನು ದಿನಾ ಹಾಕಬೇಡಿ. ಬೆವರು ಆರಲು ಒಂದು ದಿನವಾದರೂ ಬಿಡಿ.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಬರುತ್ತದೆ. ಗಾಳಿ ಆಡುವ ಬಟ್ಟೆ ಚೀಲ ಸಾಕು. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒರೆಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಕಂಡೀಷನರ್ ಹಚ್ಚಿ.

ಅಟ್ಟೆ ತೂತು ಬೀಳುವವರೆಗೆ ಕಾಯಬೇಡಿ. ಹೆಬ್ಬೆರಳಿನಿಂದ ನಡುವೆ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ರಿಪೇರಿಗೆ ಕೊಡುವ ಹೊತ್ತು ಬಂದಿದೆ. ಹಿಮ್ಮಡಿಯ ರಬ್ಬರು ಅದಕ್ಕಿಂತ ಮೊದಲೇ ಸವೆಯುತ್ತದೆ. ಅದನ್ನು ಆಗಾಗ ಬದಲಾಯಿಸುತ್ತಿದ್ದರೆ ಖರ್ಚೂ ಕಡಿಮೆ, ನಡಿಗೆಯೂ ಓರೆಯಾಗುವುದಿಲ್ಲ.

ನಮಸ್ಕಾರ.